ಎಷ್ಟು ಸ್ಪಷ್ಟ, ಎಷ್ಟು ಮಸುಕು: ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಚಿತ್ರ ತೆಗೆಯುವವರಿಗೆ ಫೋಕಸ್ ಆಯ್ಕೆಯ ಮಾರ್ಗದರ್ಶಿ

ಬೀದರಿನ ಚೌಬಾರಾ ಹತ್ತಿರದ ಗಲ್ಲಿಯೊಂದರಲ್ಲಿ ಬಿದರಿ ಕೆಲಸಗಾರರೊಬ್ಬರ ಎದುರು ಕುಳಿತು ಒಂದು ಮಧ್ಯಾಹ್ನವೆಲ್ಲ ಚಿತ್ರ ತೆಗೆದಿದ್ದೆ. ಉಳಿಯಿಂದ ಕೊರೆದ ಗೀರಿನೊಳಗೆ ಅವರು ತೆಳ್ಳನೆಯ ಬೆಳ್ಳಿಯ ತಂತಿಯನ್ನು ಕೂರಿಸಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. ನನ್ನ ಕೈಯಲ್ಲಿ ಹೊಸದಾಗಿ ಕೊಂಡ 50 ಮಿ.ಮೀ. ಲೆನ್ಸ್ ಇತ್ತು. ಲೆನ್ಸಿನೊಳಗೆ ಬೆಳಕು ಬಿಡುವ ತೂತನ್ನು, ಅಂದರೆ ಅಪರ್ಚರನ್ನು, ಎಫ್/1.8ಕ್ಕೆ ಪೂರ್ತಿ ತೆರೆದು, ಅವರ ಕಣ್ಣಿನ ಮೇಲೆ ಫೋಕಸ್ ಇಟ್ಟು ಒಂದರ ಹಿಂದೊಂದು ಚಿತ್ರ ತೆಗೆದೆ. ಕಣ್ಣಿನ ರೆಪ್ಪೆ ಎಣಿಸಬಹುದಾಗಿತ್ತು, ಮಿಕ್ಕದ್ದೆಲ್ಲ ಬೆಣ್ಣೆಯಂತೆ ಕರಗಿತ್ತು. ಹಿಗ್ಗಿನಿಂದ ಅವರಿಗೇ ತೋರಿಸಿದೆ. ಅವರು ಕ್ಯಾಮೆರಾದ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಮುಖ ಚೆನ್ನಾಗಿ ಬಂದಿದೆ. ನನ್ನ ಕೆಲಸ ಎಲ್ಲಿದೆ?" ಎಂದು ಕೇಳಿದರು.

ಕೆಲಸ ಇರಲಿಲ್ಲ. ಕೈ, ಸುತ್ತಿಗೆ, ತಂತಿ, ಹೂಜಿ ಎಲ್ಲವೂ ಮಸುಕಿನಲ್ಲಿ ಮುಳುಗಿದ್ದವು. ಒಬ್ಬ ಕುಶಲಕರ್ಮಿಯ ಚಿತ್ರದಿಂದ ಕೌಶಲವನ್ನೇ ಅಳಿಸಿ ಹಾಕಿದ್ದೆ.

ಅಂದಿನಿಂದ ನನ್ನ ಲೆಕ್ಕಾಚಾರ ತಿರುವುಮುರುವಾಯಿತು. ಅಪರ್ಚರ್ ಸಂಖ್ಯೆಯಿಂದ ಶುರು ಮಾಡುವುದನ್ನು ಬಿಟ್ಟೆ. ಮೊದಲು ಎಲ್ಲಿ ನಿಲ್ಲಬೇಕು, ಯಾವುದು ಸ್ಪಷ್ಟವಾಗಿರಲೇಬೇಕು ಎಂದು ಕೇಳಿಕೊಳ್ಳುತ್ತೇನೆ, ಸಂಖ್ಯೆ ಆಮೇಲೆ. ನಮ್ಮ ಭಾಗದಲ್ಲಿ ಕ್ಯಾಮೆರಾ ಕೊಳ್ಳುವ ಹೊಸಬರು ಬಹುತೇಕ "ಹಿನ್ನೆಲೆ ಮಸುಕಾಗಬೇಕು, ಯಾವ ಲೆನ್ಸ್ ಒಳ್ಳೆಯದು?" ಎಂದೇ ಕೇಳುತ್ತಾರೆ. ಅವರಿಗೆ ಹೇಳಬೇಕೆನಿಸುವುದನ್ನು, ಇಲ್ಲಿನ ಜಾಗಗಳನ್ನೇ ಮುಂದಿಟ್ಟುಕೊಂಡು, ಆಯ್ಕೆಗಳನ್ನು ಒಂದಕ್ಕೊಂದು ಹೋಲಿಸಿ ಬರೆಯುತ್ತಿದ್ದೇನೆ.

ಆಳವನ್ನು ನಿರ್ಧರಿಸುವುದು ಯಾವುದು

ಲೆನ್ಸ್ ನಿಖರವಾಗಿ ಫೋಕಸ್ ಮಾಡುವುದು ಒಂದೇ ಒಂದು ದೂರಕ್ಕೆ. ಅದರ ಹಿಂದೆ ಮುಂದೆ ಇರುವುದೆಲ್ಲ ಸ್ವಲ್ಪಸ್ವಲ್ಪವಾಗಿ ಮಸುಕಾಗುತ್ತ ಹೋಗುತ್ತದೆ. ಆ ಮಸುಕು ಕಣ್ಣಿಗೆ ಗೊತ್ತಾಗದಷ್ಟು ಕಡಿಮೆ ಇರುವ ವಲಯವೇ ಡೆಪ್ತ್ ಆಫ್ ಫೀಲ್ಡ್. ಇಲ್ಲಿ ಅದನ್ನು ಸ್ಪಷ್ಟತೆಯ ಆಳ, ಅಥವಾ ಬರೀ ಆಳ ಎನ್ನುತ್ತೇನೆ. ಅಪರ್ಚರ್ ಕಿರಿದಾದಷ್ಟೂ, ಅಂದರೆ ಎಫ್ ಸಂಖ್ಯೆ ದೊಡ್ಡದಾದಷ್ಟೂ, ಆಳ ಹೆಚ್ಚುತ್ತದೆ. ವಸ್ತುವಿಗೆ ಹತ್ತಿರ ಹೋದಷ್ಟೂ ಕುಗ್ಗುತ್ತದೆ. ನಿಂತ ಜಾಗದಿಂದ ಕದಲದೆ ಉದ್ದದ ಲೆನ್ಸ್, ಅಂದರೆ ಮಿ.ಮೀ. ಸಂಖ್ಯೆ ದೊಡ್ಡದಿರುವ ಲೆನ್ಸ್, ಹಾಕಿದರೂ ಕುಗ್ಗುತ್ತದೆ. ಮೂರರಲ್ಲಿ ಜನ ಮರೆಯುವುದು ದೂರವನ್ನು, ಅದರ ಬಲವೋ ಅಪರ್ಚರಿಗಿಂತ ಹೆಚ್ಚು. ದೂರ ಅರ್ಧವಾದರೆ ಆಳ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಅಂಕಿಯಲ್ಲೇ ನೋಡೋಣ. ಇಲ್ಲಿನ ಲೆಕ್ಕವೆಲ್ಲ ನಮ್ಮಲ್ಲಿ ಹೆಚ್ಚು ಜನರ ಬಳಿ ಇರುವ ಎಪಿಎಸ್-ಸಿ ಎಂಬ ನಡುಗಾತ್ರದ ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಕ್ಯಾಮೆರಾಗಳಿಗೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಇಟ್ಟು 2 ಮೀಟರ್ ದೂರದ ವ್ಯಕ್ತಿಯನ್ನು ತೆಗೆದರೆ ಆಳ ಸುಮಾರು 11ರಿಂದ 12 ಸೆಂಟಿಮೀಟರ್. ಅದೇ ಜಾಗದಲ್ಲಿ ಎಫ್/8ಕ್ಕೆ ಹೋದರೆ 50 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಎಫ್/1.8ರಲ್ಲೇ ಇದ್ದು 1.2 ಮೀಟರಿಗೆ ಹತ್ತಿರವಾದರೆ ಸುಮಾರು 4 ಸೆಂಟಿಮೀಟರ್ ಮಾತ್ರ. ಮೂಗಿನ ತುದಿಯಿಂದ ಕಿವಿಯವರೆಗಿನ ದೂರ ಇದರ ಮೂರು ಪಟ್ಟು. ಹಾಗಾಗಿ ಕಣ್ಣು ಸ್ಪಷ್ಟ, ಕಿವಿಯ ಬೆಂಡೋಲೆ ಮಸುಕು. ಮದುವೆಯ ಚಿತ್ರದಲ್ಲಿ ಆ ಬೆಂಡೋಲೆಗೆ ಬೆಲೆ ಇದೆ ಎನ್ನುವುದು ಹೆಣ್ಣಿನ ತಾಯಿಗೆ ಗೊತ್ತಿರುತ್ತದೆ, ಚಿತ್ರ ತೆಗೆಯುವವನಿಗೂ ಗೊತ್ತಿರಬೇಕು.

ತೆರೆದ ಅಪರ್ಚರೋ, ಮುಚ್ಚಿದ ಅಪರ್ಚರೋ

ಹಿನ್ನೆಲೆಯಲ್ಲಿ ಮಾತಿಗೆ ಅಡ್ಡ ಬರುವಂಥದ್ದು ಇದ್ದರೆ ತೆರೆಯಿರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಗದ್ದಲದ ನಡುವೆ ಒಬ್ಬ ಹಣ್ಣಿನ ವ್ಯಾಪಾರಿಯ ಮುಖ ಬೇಕೆಂದಾದರೆ ಹಿಂದಿನ ಫ್ಲೆಕ್ಸು, ಕರೆಂಟಿನ ತಂತಿ, ನಿಲ್ಲಿಸಿದ ಬೈಕುಗಳು ಯಾವುವೂ ಬೇಕಿಲ್ಲ. ಎಫ್/2ರಿಂದ ಎಫ್/2.8 ಅಲ್ಲಿ ಸರಿಯಾದ ಆಯ್ಕೆ. ಎಫ್/1.8ಕ್ಕಿಂತ ಎಫ್/2.8ನ್ನೇ ನಾನು ಹೆಚ್ಚು ಬಳಸುತ್ತೇನೆ. ಎರಡೂ ಕಣ್ಣು ಸ್ಪಷ್ಟವಾಗಿ ಸಿಗುತ್ತವೆ, ಹಿನ್ನೆಲೆಯೂ ಸಾಕಷ್ಟು ಕರಗುತ್ತದೆ.

ಹಿನ್ನೆಲೆಯೇ ಕಥೆಯ ಅರ್ಧವಾಗಿದ್ದರೆ ಮುಚ್ಚಿರಿ. ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ನಮ್ಮ ಮೂರು ಜಿಲ್ಲೆಗಳಲ್ಲಿ ತೆಗೆಯುವ ಮುಕ್ಕಾಲು ಪಾಲು ಚಿತ್ರಗಳಿಗೆ ಹಿನ್ನೆಲೆ ಬೇಕು. ನವೆಂಬರಿನಲ್ಲಿ ತೊಗರಿ ಹೂ ಬಿಟ್ಟ ಹೊಲದಲ್ಲಿ ರೈತ ಮಹಿಳೆಯೊಬ್ಬರ ಚಿತ್ರ ತೆಗೆದು, ಹಿಂದಿನ ಹಳದಿಯನ್ನೆಲ್ಲ ಒಂದೇ ಮುದ್ದೆ ಮಾಡಿಬಿಟ್ಟರೆ ಅದು ಸಾಸಿವೆಯೋ, ಸೂರ್ಯಕಾಂತಿಯೋ, ಬಣ್ಣದ ಪರದೆಯೋ ಯಾರಿಗೂ ತಿಳಿಯುವುದಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಈ ಕಪ್ಪು ಮಣ್ಣಿನ ಜೊತೆಗಿನ ಅದರ ನಂಟಿಗಾಗಿ. ಮಣ್ಣು ಕಾಣಬೇಕು, ಕಾಯಿ ಕಟ್ಟುತ್ತಿರುವ ಗಿಡ ಕಾಣಬೇಕು, ಅವುಗಳ ನಡುವೆ ಅವರು ನಿಂತಿರಬೇಕು. ಅಲ್ಲಿ ಎಫ್/8.

ಎಫ್/4, ಎಫ್/5.6 ಎಂಬ ನಡುವಿನ ದಾರಿಯನ್ನೂ ಕಡೆಗಣಿಸಬೇಡಿ. ಹಿನ್ನೆಲೆ ಏನೆಂದು ಗುರುತು ಸಿಗುತ್ತದೆ, ಆದರೆ ಮುಂದಿನ ವ್ಯಕ್ತಿಯೊಡನೆ ಪೈಪೋಟಿಗೆ ಬರುವುದಿಲ್ಲ. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾದ ಉಳಿದಿರುವ ಮಿನಾರಿನ ಮುಂದೆ ಗೆಳೆಯನನ್ನು ನಿಲ್ಲಿಸಿ ತೆಗೆಯುವಾಗ ಇದೇ ಸರಿ. ಮಿನಾರಿನ ಹೆಂಚುಗಳ ನೀಲಿ, ಹಸಿರು ತಿಳಿಯುತ್ತದೆ, ಗೆಳೆಯನ ಮುಖ ಮುಂದೆ ಬರುತ್ತದೆ.

ಮುಚ್ಚುವುದಕ್ಕೆ ಬೆಲೆ ತೆರಬೇಕು. ಎಫ್/1.8ರಿಂದ ಎಫ್/8ಕ್ಕೆ ಹೋದರೆ ಒಳಬರುವ ಬೆಳಕು ಸುಮಾರು 20 ಪಟ್ಟು ಕಡಿಮೆ. ಸೆಕೆಂಡಿನ 1/200ರಲ್ಲಿ ಆಗುತ್ತಿದ್ದ ಚಿತ್ರಕ್ಕೆ ಈಗ 1/10 ಬೇಕು, ಕೈ ನಡುಗಿದರೆ ಎಲ್ಲವೂ ಅಲುಗುತ್ತದೆ. ಇಲ್ಲವೇ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕಿ, ಏರಿಸಿ ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಒಪ್ಪಿಕೊಳ್ಳಬೇಕು. ಎರಡರಲ್ಲಿ ನನ್ನ ಆಯ್ಕೆ ಐಎಸ್‌ಒ ಏರಿಸುವುದೇ. ಕಾಳುಗಳನ್ನು ಕಣ್ಣು ಮನ್ನಿಸುತ್ತದೆ, ಅಲುಗಾಟವನ್ನು ಮನ್ನಿಸುವುದಿಲ್ಲ.

ಹಾಗೆಂದು ಎಫ್/22ರವರೆಗೆ ಓಡಬೇಡಿ. ತೂತು ತೀರ ಕಿರಿದಾದಾಗ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡುತ್ತದೆ, ಪ್ರತಿಯೊಂದು ಬಿಂದುವೂ ಸಣ್ಣ ತಟ್ಟೆಯಾಗುತ್ತದೆ. ಎಫ್/8ರಲ್ಲಿ ಆ ತಟ್ಟೆಯ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಎಫ್/22ರಲ್ಲಿ ಅದರ ಮೂರು ಪಟ್ಟಿನ ಹತ್ತಿರ. ಆಳ ಹೆಚ್ಚಿಸಲು ಹೋಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/11ರ ಆಚೆಗೆ ನಾನು ಹೋಗುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ಹತ್ತಿರ ಹೋಗುವುದೋ, ಉದ್ದದ ಲೆನ್ಸ್ ಹಾಕುವುದೋ

ಉದ್ದದ ಲೆನ್ಸ್ ಹಾಕಿದರೆ ಆಳ ಕಡಿಮೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದು ನಿಂತ ಜಾಗ ಬದಲಾಗದಿದ್ದರೆ ಮಾತ್ರ ನಿಜ. ಮುಖ ಚೌಕಟ್ಟಿನಲ್ಲಿ ಒಂದೇ ಗಾತ್ರಕ್ಕೆ ಬರುವಂತೆ 50 ಮಿ.ಮೀ.ನಲ್ಲಿ ಹತ್ತಿರ ನಿಂತು ಒಂದು, 200 ಮಿ.ಮೀ.ನಲ್ಲಿ ದೂರ ಸರಿದು ಇನ್ನೊಂದು ತೆಗೆಯಿರಿ. ಅಪರ್ಚರ್ ಒಂದೇ ಇದ್ದರೆ ಮುಖದ ಮೇಲಿನ ಆಳ ಎರಡರಲ್ಲೂ ಹೆಚ್ಚುಕಡಿಮೆ ಸಮ. ಬದಲಾಗುವುದು ಹಿನ್ನೆಲೆ. ಉದ್ದದ ಲೆನ್ಸ್ ಹಿನ್ನೆಲೆಯ ಸಣ್ಣ ತುಣುಕೊಂದನ್ನೇ ಹಿಗ್ಗಿಸಿ ತೋರಿಸುವುದರಿಂದ ಮಸುಕೂ ಹಿಗ್ಗಿ ಕಾಣುತ್ತದೆ. ಹಿನ್ನೆಲೆ ಗಲೀಜಾಗಿದ್ದರೆ ಉದ್ದದ ಲೆನ್ಸ್ ಆರಿಸಿ, ಹಿನ್ನೆಲೆ ಬೇಕಿದ್ದರೆ ಅಗಲದ ಲೆನ್ಸ್, ಅಂದರೆ ಮಿ.ಮೀ. ಸಂಖ್ಯೆ ಸಣ್ಣದಿರುವ ಲೆನ್ಸ್, ಹಿಡಿದು ಹತ್ತಿರ ಹೋಗಿ.

ಖರ್ಚಿಲ್ಲದ ಮೂರನೆಯ ದಾರಿಯೂ ಇದೆ. ವ್ಯಕ್ತಿಯನ್ನು ಗೋಡೆಯಿಂದ ಸರಿಸಿ. ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸಿನಿಂದ ಹಿನ್ನೆಲೆ ಮಸುಕಾಗುವುದೇ ಇಲ್ಲ ಎಂದು ದೂರುವವರ ಚಿತ್ರಗಳಲ್ಲಿ ಜನ ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತಾರೆ. 55 ಮಿ.ಮೀ., ಎಫ್/5.6, ಮುಖ 1.2 ಮೀಟರ್ ದೂರದಲ್ಲಿ, ಹಿಂದಿನ ಮರ 10 ಮೀಟರ್ ದೂರದಲ್ಲಿ ಇಟ್ಟು ನೋಡಿ. ಮರ ಚೆನ್ನಾಗಿಯೇ ಕರಗುತ್ತದೆ. ಅದೇ ಜಾಗದಿಂದ 50 ಮಿ.ಮೀ. ಎಫ್/1.8 ಲೆನ್ಸ್ ಕೊಡುವ ಮಸುಕು ಇದರ ಸುಮಾರು ಎರಡೂವರೆ ಪಟ್ಟು. ಅಷ್ಟು ಬೇಕೇ ಎಂಬುದನ್ನು ಲೆನ್ಸ್ ಕೊಳ್ಳುವ ಮೊದಲು ಕೇಳಿಕೊಳ್ಳಿ. ಸಂಜೆಯ ಬೆಳಕಿನಲ್ಲಿ, ಮನೆಯೊಳಗೆ ಹೆಚ್ಚು ತೆಗೆಯುವವರಾದರೆ ಆ ಲೆನ್ಸ್ ಕೊಳ್ಳಿ, ಅದರ ಬೆಲೆಗೆ ಸಿಗುವ ಬೆಳಕು ಮಸುಕಿಗಿಂತ ದೊಡ್ಡ ಲಾಭ. ಬರೀ ಮಸುಕಿಗಾಗಿಯಾದರೆ ಒಂದು ತಿಂಗಳು ಕಿಟ್ ಲೆನ್ಸಿನಲ್ಲೇ ಜಾಗ ಬದಲಿಸಿ ನೋಡಿ.

ಕೋಟೆ, ಗುಮ್ಮಟ, ಬೆಟ್ಟ

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ಸಾಮಾನ್ಯ ಮಸೀದಿಗಳಂತೆ ನಡುವೆ ಬಯಲಂಗಳವಿಲ್ಲ, ಪೂರ್ತಿ ಚಾವಣಿ. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಆಳದ ಪಾಠಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಎರಡು ಆಯ್ಕೆಗಳು. ಒಂದು, ಹತ್ತಿರದ ಕಮಾನಿನಿಂದ ಕೊನೆಯ ಗೋಡೆಯವರೆಗೆ ಎಲ್ಲವೂ ಸ್ಪಷ್ಟ. ಇನ್ನೊಂದು, ನಡುವಿನ ಒಂದು ಕಮಾನು ಮಾತ್ರ ಸ್ಪಷ್ಟ, ಹಿಂದಿನವೂ ಮುಂದಿನವೂ ಮೆಲ್ಲಗೆ ಕರಗುವುದು.

ಮೊದಲನೆಯದಕ್ಕೆ ಹೈಪರ್‌ಫೋಕಲ್ ದೂರ ಎಂಬ ಲೆಕ್ಕ ನೆರವಾಗುತ್ತದೆ. ಆ ದೂರಕ್ಕೆ ಫೋಕಸ್ ಇಟ್ಟರೆ ಅದರ ಅರ್ಧದಿಂದ ಅನಂತದವರೆಗೆ ಒಪ್ಪಬಹುದಾದ ಸ್ಪಷ್ಟತೆ ಸಿಗುತ್ತದೆ. 18 ಮಿ.ಮೀ., ಎಫ್/8ರಲ್ಲಿ ಇದು ಸುಮಾರು 2 ಮೀಟರ್. ಅಂದರೆ 2 ಮೀಟರ್ ದೂರದ ಕಂಬಕ್ಕೆ ಫೋಕಸ್ ಇಟ್ಟರೆ 1 ಮೀಟರಿನಿಂದ ಆಚೆಗೆ ಇರುವುದೆಲ್ಲ ದಕ್ಕುತ್ತದೆ. 24 ಮಿ.ಮೀ. ಆದರೆ 3.6 ಮೀಟರಿಗೆ ಫೋಕಸ್, 1.8 ಮೀಟರಿನಿಂದ ಸ್ಪಷ್ಟ. ಒಂದು ಎಚ್ಚರಿಕೆ ಹೇಳಲೇಬೇಕು. ಈ ಲೆಕ್ಕದಲ್ಲಿ ತೀರ ದೂರದ್ದು ಸ್ಪಷ್ಟತೆಯ ಅಂಚಿನಲ್ಲಿರುತ್ತದೆ. ಮೊಬೈಲಿನಲ್ಲಿ ನೋಡಲು ಧಾರಾಳವಾಗಿ ಸಾಕು. ಗೋಡೆಯಳತೆಗೆ ಮುದ್ರಿಸುವುದಾದರೆ ಫೋಕಸನ್ನು ಇನ್ನಷ್ಟು ದೂರಕ್ಕೆ ತಳ್ಳಿ, ಮುಂದಿನ ನೆಲದ ಅರ್ಧ ಮೀಟರನ್ನು ಬಿಟ್ಟುಕೊಡಿ.

ಮಸೀದಿಯೊಳಗಿನ ತಿಳಿ ಬಣ್ಣದ ಗಾರೆಯ ಮೇಲೆ ಕ್ಯಾಮೆರಾ ತಾನಾಗಿ ಫೋಕಸ್ ಹುಡುಕುತ್ತ ಹಿಂದೆ ಮುಂದೆ ತಡಕಾಡುತ್ತದೆ. ಆಟೋಫೋಕಸಿಗೆ ಬೆಳಕು ಕತ್ತಲೆಯ ಗೆರೆ ಬೇಕು, ಸಮನಾದ ಗೋಡೆಯಲ್ಲಿ ಅದು ಸಿಗುವುದಿಲ್ಲ. ಕಮಾನಿನ ಅಂಚು ನೆರಳಿಗೆ ತಾಗುವ ಗೆರೆಯ ಮೇಲೆ ಫೋಕಸ್ ಬಿಂದು ಇಡಿ, ಕೂಡಲೇ ಕಚ್ಚುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕಾಗುವುದರಿಂದ ಕಂಬಕ್ಕೆ ಭುಜ ಆನಿಸಿ ಉಸಿರು ಬಿಗಿಹಿಡಿದು ತೆಗೆಯುವುದನ್ನು ರೂಢಿಸಿಕೊಳ್ಳಿ.

ನನಗೆ ಯಾವುದು ಮೆಚ್ಚುಗೆ ಎಂದರೆ, ಖಾಲಿ ಮಸೀದಿಗೆ ಮೊದಲನೆಯದು, ನೆರಳಿನಲ್ಲಿ ಒಬ್ಬರು ಕುಳಿತಿದ್ದರೆ ಎರಡನೆಯದು.

ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅಗಲದ ಲೆನ್ಸಿನಲ್ಲಿ ಸಾಲು ಚದುರಿ, ದೂರದವು ಬೊಟ್ಟಿನಷ್ಟಾಗುತ್ತವೆ. 100 ಮಿ.ಮೀ.ನಲ್ಲಿ ದೂರದಿಂದ ತೆಗೆದರೆ ಒಂದರ ಹೆಗಲಿಗೆ ಇನ್ನೊಂದು ಬಂದು ಸೇರುತ್ತದೆ. ಹಾಗೆ ಮಾಡುವಾಗ ಎಫ್/8ರಲ್ಲೂ ಹೈಪರ್‌ಫೋಕಲ್ ದೂರ ಸುಮಾರು 62 ಮೀಟರ್. ಅಲ್ಲಿ ಫೋಕಸ್ ಇಟ್ಟರೆ 31 ಮೀಟರಿನ ಆಚೆಗೆ ಮಾತ್ರ ಸ್ಪಷ್ಟ. ಮುಂದೆ ಹುಲ್ಲೋ ಪೊದೆಯೋ ಬೇಕೆಂದು ಸೇರಿಸಿಕೊಂಡರೆ ಅದು ಮಸುಕಾಗುವುದು ಖಚಿತ. ಸೇರಿಸದಿರುವುದೇ ವಾಸಿ. ಸಿಡಿಲು ಬಡಿದು ಅರ್ಧ ಬಿದ್ದದ್ದೆಂದು ಹೇಳುವ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಮಾತ್ರ ಬೇರೆ ಬಗೆ. ಒಡೆದ ಗುಮ್ಮಟದ ದಪ್ಪ ಗೋಡೆಯ ಒಳಮೈ ಕಾಣುವಂತೆ ಅಗಲದ ಲೆನ್ಸಿನಲ್ಲಿ ಹತ್ತಿರ ಹೋಗಿ, ಎಲ್ಲವನ್ನೂ ಸ್ಪಷ್ಟವಾಗಿಡಿ. ಆ ಕಟ್ಟಡದಲ್ಲಿ ಮಸುಕಿಗೆ ಜಾಗವಿಲ್ಲ.

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬೆಟ್ಟಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಬಾನಿನ ಎದುರಿನ ಹೊರಗೆರೆಯಲ್ಲಿವೆ. ಹಾಗಾಗಿ ಇಲ್ಲಿ ಫೋಕಸ್ ಬೆಟ್ಟದ ಅಂಚಿಗೇ, ಎಫ್/8. ಮುಂದಿನ ಬಂಡೆ ತುಸು ಮೆತ್ತಗಾದರೂ ನಡೆಯುತ್ತದೆ, ಹೊರಗೆರೆ ಮೆತ್ತಗಾದರೆ ಬುದ್ಧ ಮಾಯವಾಗುತ್ತಾನೆ. ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಉದ್ದದ ಲೆನ್ಸಿನಲ್ಲಿ ಬೆಟ್ಟ ತೆಗೆದು, ಫೋಕಸ್ ಕೈಕೊಟ್ಟಿತೆಂದು ಲೆನ್ಸನ್ನು ರಿಪೇರಿಗೆ ಒಯ್ದವರನ್ನು ನೋಡಿದ್ದೇನೆ. ತಪ್ಪು ಲೆನ್ಸಿನದಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನೇ ಅಲುಗಿಸುತ್ತದೆ. ಅದಕ್ಕೆ ಯಾವ ಅಪರ್ಚರಿನಲ್ಲೂ ಮದ್ದಿಲ್ಲ, ಬೆಳಗಿನ 6 ಗಂಟೆಗೆ ಹೋಗಬೇಕು.

ಆಟೋಫೋಕಸಿನ ಬಗೆಗಳು, ಮತ್ತು ಕೈಯ ಫೋಕಸ್

ಒಂದೇ ಸಲ ಕಚ್ಚಿ ನಿಲ್ಲುವ ಸಿಂಗಲ್ ಬಗೆ ಕದಲದ ವಸ್ತುವಿಗೆ. ಬೆನ್ನು ಹತ್ತುತ್ತಲೇ ಇರುವ ಕಂಟಿನ್ಯುಯಸ್ ಬಗೆ ಓಡುವ ವಸ್ತುವಿಗೆ. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಇರುವುದು ಇವುಗಳ ಅಂಚಿನಲ್ಲಿ.

ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಹಿಡಿದು, ಬಟನ್ ಅರ್ಧ ಒತ್ತಿಕೊಂಡೇ ಕ್ಯಾಮೆರಾ ಓರೆಮಾಡಿ ಚೌಕಟ್ಟು ಸರಿಪಡಿಸಿಕೊಳ್ಳುವ ಹಳೆಯ ರೂಢಿ ಬಹಳ ಜನರಲ್ಲಿದೆ. ಎಫ್/8ರಲ್ಲಿ ಅದರಿಂದ ತೊಂದರೆಯಿಲ್ಲ. ಎಫ್/1.8ರಲ್ಲಿ ಅದು ಚಿತ್ರ ಕೆಡಿಸುತ್ತದೆ. 50 ಮಿ.ಮೀ.ನಲ್ಲಿ 1.5 ಮೀಟರ್ ದೂರದ ಕಣ್ಣಿಗೆ ಫೋಕಸ್ ಹಿಡಿದು 15 ಡಿಗ್ರಿ ತಿರುಗಿಸಿದರೆ ಫೋಕಸಿನ ಸಮತಲ ಕಣ್ಣಿನಿಂದ 5 ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಇರುವ ಆಳವೇ ಒಟ್ಟು ಆರೂವರೆ ಸೆಂಟಿಮೀಟರ್, ಕಣ್ಣಿನ ಹಿಂದಕ್ಕೆ ಮುಂದಕ್ಕೆ ಮೂರು ಚಿಲ್ಲರೆ ಮಾತ್ರ. ಕಣ್ಣು ತಪ್ಪಿ ಕಿವಿ ಸ್ಪಷ್ಟವಾಗುವುದು ಹೀಗೆ. ತೆರೆದ ಅಪರ್ಚರಿನಲ್ಲಿ ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ಸರಿಸಿ. ಕಣ್ಣು ಗುರುತಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಸಂಕೋಚವಿಲ್ಲದೆ ಬಳಸಿ.

ಬೀದರ್ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗ ತೆಗೆಯುವವರಿಗೆ ಕಂಟಿನ್ಯುಯಸ್ ಬಗೆಯೇ ಸರಿ, ಆದರೆ ಬಿಂದುಗಳ ದೊಡ್ಡ ಗುಂಪನ್ನು ತೆರೆದಿಟ್ಟರೆ ಮುಂದಿನ ಹುಲ್ಲಿನ ಎಸಳು ಫೋಕಸನ್ನು ಕದಿಯುತ್ತದೆ. ಮೃಗ ನಿಂತಿದ್ದರೆ ಒಂದೇ ಸಣ್ಣ ಬಿಂದು, ಓಡತೊಡಗಿದರೆ ಸಣ್ಣ ಗುಂಪು. 250 ಮಿ.ಮೀ., ಎಫ್/5.6, 30 ಮೀಟರ್ ದೂರ ಎಂದಿಟ್ಟುಕೊಂಡರೆ ಆಳ ಸುಮಾರು 3 ಮೀಟರ್. ಹಿಂಡು ಅದಕ್ಕಿಂತ ಹರಡಿಕೊಂಡಿದ್ದರೆ ಎಲ್ಲವೂ ಸ್ಪಷ್ಟವಾಗುವ ಆಸೆ ಬಿಟ್ಟು, ಕೊಂಬು ತಿರುಚಿದ ಒಂದು ಗಂಡನ್ನು ಆರಿಸಿಕೊಳ್ಳಿ.

ಕೈಯಿಂದ ಮಾಡುವ ಫೋಕಸ್ ಹಳೆಯ ಕಾಲದ್ದೆಂದು ತಳ್ಳಿಹಾಕುವವರು ಕಲಬುರಗಿಯ ಶರಣಬಸವೇಶ್ವರ ರಥೋತ್ಸವಕ್ಕೆ ಒಮ್ಮೆ ಬರಬೇಕು. ತೇರು ಎಳೆಯುವ ಹೊತ್ತಿಗೆ ಲೆನ್ಸಿನ ಮುಂದೆ ಸಾವಿರ ಕೈಗಳು ಏಳುತ್ತವೆ. ಉತ್ತತ್ತಿ, ಬಾಳೆಹಣ್ಣು ಹಾರುತ್ತವೆ. ಆಟೋಫೋಕಸ್ ತೇರಿನಿಂದ ಕೈಗೆ, ಕೈಯಿಂದ ಯಾರದೋ ಮೊಬೈಲಿಗೆ ಜಿಗಿಯುತ್ತದೆ. ನಾನು 24 ಮಿ.ಮೀ. ಹಾಕಿ, ಎಫ್/8 ಇಟ್ಟು, ಸುಮಾರು 3.6 ಮೀಟರಿಗೆ ಫೋಕಸ್ ಕಟ್ಟಿ, ಆಟೋಫೋಕಸ್ ಆಫ್ ಮಾಡಿಬಿಡುತ್ತೇನೆ. ಎರಡು ಮೀಟರಿನಾಚೆಗೆ ಏನೇ ಬಂದರೂ ಸ್ಪಷ್ಟ. ಆಮೇಲೆ ನನ್ನ ಗಮನವೆಲ್ಲ ಮುಖಗಳ ಮೇಲೆ.

ಮೊಬೈಲಿನ ಪೋರ್ಟ್ರೇಟ್ ಮೋಡೋ, ನಿಜವಾದ ಲೆನ್ಸೋ

ಮೊಬೈಲಿನ ಮೇಲೆ ಎಫ್/1.8 ಎಂದು ಬರೆದಿರುವುದು ಬೆಳಕಿನ ಲೆಕ್ಕಕ್ಕೆ ಸರಿ, ಆಳದ ಲೆಕ್ಕಕ್ಕೆ ಅಲ್ಲ. ಸೆನ್ಸರ್ ಸಣ್ಣದಾದ್ದರಿಂದ ಲೆನ್ಸಿನ ನಾಭಿದೂರ ಕೆಲವೇ ಮಿಲಿಮೀಟರ್. ಆಳದ ಮಟ್ಟಿಗೆ ಅದು ಎಪಿಎಸ್-ಸಿ ಕ್ಯಾಮೆರಾದ ಅಗಲ ಲೆನ್ಸಿನಲ್ಲಿ ಎಫ್/4ರಿಂದ ಎಫ್/6ರ ಆಸುಪಾಸು ಇಟ್ಟಂತೆ. ಹಾಗಾಗಿ ಪೋರ್ಟ್ರೇಟ್ ಮೋಡಿನ ಮಸುಕು ಲೆನ್ಸಿನದಲ್ಲ, ಲೆಕ್ಕದ್ದು. ಯಾವುದು ಹತ್ತಿರ, ಯಾವುದು ದೂರ ಎಂದು ಫೋನು ಅಂದಾಜು ಮಾಡಿ, ದೂರದ್ದನ್ನು ಆಮೇಲೆ ಮಸುಕುಗೊಳಿಸುತ್ತದೆ. ಗಡ್ಡ ಬೋಳಿಸಿದ, ಕೂದಲು ಕತ್ತರಿಸಿದ ಮುಖಕ್ಕೆ ಅಂದಾಜು ಸರಿಯಾಗಿಯೇ ಬರುತ್ತದೆ. ಮುಡಿಯಲ್ಲಿ ಮಲ್ಲಿಗೆ ದಂಡೆ, ಗಾಳಿಗೆ ಹಾರುವ ಕೂದಲು, ಸೆರಗಿನ ಜರಿಯ ಅಂಚು ಬಂದ ಕೂಡಲೇ ತಪ್ಪುತ್ತದೆ. ದಂಡೆಯ ಅರ್ಧ ಹೂ ಇದ್ದು ಅರ್ಧ ಅಳಿಸಿದ ಚಿತ್ರಗಳನ್ನು ಎಷ್ಟೋ ಮದುವೆಗಳಲ್ಲಿ ನೋಡಿ ಬೇಸರಪಟ್ಟಿದ್ದೇನೆ. ಬಿದರಿಯ ಸಣ್ಣ ಹಿಡಿಕೆಯ ಕಿಂಡಿಗಳಲ್ಲೂ ಇದೇ ಪಾಡು.

ಮುಖಕ್ಕೆ ಮೊಬೈಲ್ ಬಳಸುವುದಾದರೆ ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಆರಿಸಿ, ಹಿನ್ನೆಲೆಯನ್ನು ದೂರ ಇಡಿ, ಮಸುಕಿನ ಪ್ರಮಾಣವನ್ನು ಇರುವುದಕ್ಕಿಂತ ಇಳಿಸಿ. ಸ್ಥಳಗಳ ಚಿತ್ರಕ್ಕಾದರೆ ಮೊಬೈಲಿನ ಸಹಜ ಆಳವೇ ವರ. ಕೋಟೆ, ಹೊಲ, ಜಾತ್ರೆಗೆ ಪೋರ್ಟ್ರೇಟ್ ಮೋಡ್ ಮುಟ್ಟಲೇಬೇಡಿ. ಬೇಕಾದ ಕಡೆ ಬೆರಳನ್ನು ತುಸು ಹೊತ್ತು ಒತ್ತಿಹಿಡಿದರೆ ಫೋಕಸ್ ಅಲ್ಲಿಯೇ ಬೀಗ ಹಾಕಿಕೊಳ್ಳುತ್ತದೆ, ಅಷ್ಟು ಸಾಕು.

ಬಿದರಿ ವಸ್ತುವನ್ನು ತೆಗೆಯುವ ನಾಲ್ಕು ದಾರಿ

ಈ ಭಾಗವನ್ನು ತುಸು ಬಿಡಿಸಿ ಬರೆಯುತ್ತೇನೆ. ಬೀದರಿನಲ್ಲಿ ಈಗ ಕೆಲಸಗಾರರ ಮಕ್ಕಳೇ ತಮ್ಮ ವಸ್ತುಗಳನ್ನು ಚಿತ್ರ ತೆಗೆದು ಫೋನಿನ ಮೂಲಕ ಮಾರುತ್ತಾರೆ. ಮಸುಕಾದ ಚಿತ್ರ ಅವರ ತಂದೆಯ ತಿಂಗಳ ದುಡಿಮೆಯನ್ನು ಅಗ್ಗವಾಗಿ ಕಾಣಿಸುತ್ತದೆ.

ಬಿದರಿಯ ಸೊಗಸೆಲ್ಲ ಗೆರೆಯ ಅಂಚಿನಲ್ಲಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಕಪ್ಪು ಮತ್ತು ಬೆಳ್ಳಿ ಸೇರುವ ಆ ಗೆರೆ ಕೂದಲೆಳೆಯಷ್ಟು ಮೆತ್ತಗಾದರೂ ಕಣ್ಣಿಗೆ ಹೊಡೆಯುತ್ತದೆ. ಫೋಕಸ್ ಬಿಂದುವನ್ನೂ ಆ ಗೆರೆಯ ಮೇಲೆಯೇ ಇಡಬೇಕು, ಬರೀ ಕಪ್ಪು ಮೈ ಮೇಲೆ ಆಟೋಫೋಕಸ್ ಕಚ್ಚುವುದಿಲ್ಲ.

9 ಸೆಂಟಿಮೀಟರ್ ಅಗಲ, ಮುಂದಿನಿಂದ ಹಿಂದಕ್ಕೆ 6 ಸೆಂಟಿಮೀಟರ್ ಇರುವ ಒಂದು ಡಬ್ಬಿಯನ್ನು ತೆಗೆದುಕೊಳ್ಳೋಣ. ಚೌಕಟ್ಟು ತುಂಬುವಂತೆ ಹತ್ತಿರ ಹೋದಾಗ ಎಫ್/8ರಲ್ಲಿ ಸಿಗುವ ಆಳ ಬರೀ 6 ಮಿಲಿಮೀಟರ್ ಚಿಲ್ಲರೆ. ಎಫ್/16ಕ್ಕೆ ಮುಚ್ಚಿದರೂ 13 ಮಿಲಿಮೀಟರ್ ದಾಟುವುದಿಲ್ಲ. ಅಪರ್ಚರ್ ಮುಚ್ಚಿ ಗೆಲ್ಲುವ ಆಟವಲ್ಲ ಇದು.

ಮೊದಲ ದಾರಿ, ವಸ್ತುವನ್ನೇ ಸಮತಲಕ್ಕೆ ತರುವುದು. ಫೋಕಸ್ ಒಂದು ಹಾಳೆಯಂತೆ ಸೆನ್ಸರಿಗೆ ಸಮಾನಾಂತರವಾಗಿ ನಿಂತಿರುತ್ತದೆ. ತಟ್ಟೆ, ಪದಕ, ಡಬ್ಬಿಯ ಮುಚ್ಚಳ ಇಂಥವನ್ನು ಓರೆಯಾಗಿಟ್ಟು ಹೆಣಗುವುದಕ್ಕಿಂತ ಕ್ಯಾಮೆರಾವನ್ನು ನೇರ ಮೇಲಿನಿಂದ ಹಿಡಿಯಿರಿ. ಆಳ 6 ಮಿಲಿಮೀಟರ್ ಇದ್ದರೂ ಇಡೀ ಮುಚ್ಚಳ ಅದರೊಳಗೆ ಕುಳಿತುಬಿಡುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಮದರಸಾದ ಹೆಂಚಿನ ಗೋಡೆಗೂ, ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸಕ್ಕೂ ಇದೇ ಮಾತು. ಗೋಡೆಗೆ ನೇರ ಎದುರು ನಿಂತರೆ ಎಫ್/4ರಲ್ಲೂ ಮೂಲೆಯಿಂದ ಮೂಲೆಗೆ ದಕ್ಕುತ್ತದೆ, ಮಂದ ಬೆಳಕಿನಲ್ಲಿ ಅದು ದೊಡ್ಡ ಉಳಿತಾಯ.

ಎರಡನೆಯದು, ಹಿಂದೆ ಸರಿದು ಆಮೇಲೆ ಕತ್ತರಿಸುವುದು. ಡಬ್ಬಿ ಚೌಕಟ್ಟಿನ ಅಗಲದಲ್ಲಿ ಐದರಲ್ಲಿ ಎರಡು ಪಾಲಿನಷ್ಟಕ್ಕೆ ಬರುವಂತೆ ದೂರ ಸರಿದರೆ, ಕತ್ತರಿಸಿ ಹಿಗ್ಗಿಸಿದ ಮೇಲೂ ಆಳ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆ. 24 ಮೆಗಾಪಿಕ್ಸೆಲ್ಲಿನಲ್ಲಿ ಕೊನೆಗೆ ಕೈಗೆ ಸಿಗುವುದು ಸುಮಾರು 4 ಮೆಗಾಪಿಕ್ಸೆಲ್. ವಾಟ್ಸ್ಆ್ಯಪಿನಲ್ಲಿ ಕಳಿಸಲು ಧಾರಾಳ, ಮುದ್ರಿತ ಪುಸ್ತಿಕೆಗೆ ಸಾಲದು.

ಮೂರನೆಯದು ಫೋಕಸ್ ಸ್ಟ್ಯಾಕಿಂಗ್. ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಡಬ್ಬಿಯ ಮುಂಭಾಗದಿಂದ ಹಿಂಭಾಗದವರೆಗೆ 5 ಮಿಲಿಮೀಟರಿಗೊಂದರಂತೆ ಫೋಕಸ್ ಸರಿಸುತ್ತ ಹನ್ನೆರಡು ಹದಿಮೂರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಸ್ಪಷ್ಟ ಭಾಗಗಳನ್ನಷ್ಟೇ ಸೇರಿಸುವುದು. ಫಲಿತಾಂಶದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಬೆಳಕು ಬದಲಾಗಬಾರದು, ಮೇಜು ಅಲುಗಬಾರದು. ಪ್ರದರ್ಶನಕ್ಕೋ ಮುದ್ರಿತ ಪುಸ್ತಿಕೆಗೋ ಹೂಜಿಯಂಥ ದುಂಡನೆಯ ವಸ್ತು ತೆಗೆಯುವಾಗ ಮಾತ್ರ ಈ ಶ್ರಮಕ್ಕೆ ತಕ್ಕ ಫಲ.

ನಾಲ್ಕನೆಯದು, ಎಲ್ಲವನ್ನೂ ಸ್ಪಷ್ಟವಾಗಿಸುವ ಹಟ ಬಿಟ್ಟು ಒಂದು ಎಲೆಯನ್ನೋ ಹೂವಿನ ಎಸಳನ್ನೋ ಆರಿಸಿ, ಮಿಕ್ಕದ್ದನ್ನು ಕರಗಲು ಬಿಡುವುದು. ಇದು ಮಾರಾಟದ ಮೊದಲ ಚಿತ್ರವಾಗಬಾರದು, ಎರಡನೆಯದಾಗಬಹುದು. ಕೊಳ್ಳುವವರು ವಸ್ತುವಿನ ಪೂರ್ತಿ ರೂಪ ನೋಡಿದ ಮೇಲೆ ಕೈಚಳಕವನ್ನು ಹತ್ತಿರದಿಂದ ನೋಡಲು ಬಯಸುತ್ತಾರೆ.

ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಮೊದಲು ಗಟ್ಟಿಮುಟ್ಟಾದ ಟ್ರೈಪಾಡ್ ಕೊಳ್ಳಿ. ವಸ್ತುವಿನ ನಿಜವಾದ ಗಾತ್ರವೇ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಹೋದಾಗ ಎಫ್/8ರಲ್ಲಿ ಆಳ ಮುಕ್ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ. ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದಲ್ಲ.

ಚೌಬಾರಾದ ಆ ಗಲ್ಲಿಗೆ ಮರುವಾರ ಮತ್ತೆ ಹೋದೆ. ಎದುರು ಕೂರಲಿಲ್ಲ. ಎದುರಿನಿಂದ ನೋಡಿದರೆ ಅವರ ಕೈ ಮುಖಕ್ಕಿಂತ ಒಂದು ಗೇಣಿನಷ್ಟು ಮುಂದಿತ್ತು. ಪಕ್ಕಕ್ಕೆ ಸರಿದು ನೋಡಿದಾಗ ಬಾಗಿದ ಮುಖ, ಸುತ್ತಿಗೆ, ಬೆರಳಿನ ನಡುವಿನ ತಂತಿ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬಂದವು. ಅದೇ 50 ಮಿ.ಮೀ. ಲೆನ್ಸ್, ಒಂದೂವರೆ ಮೀಟರ್ ದೂರ, ಎಫ್/4. ಅಲ್ಲಿ ಸಿಗುವ ಆಳ 14 ಸೆಂಟಿಮೀಟರ್, ಮೂರಕ್ಕೂ ಸಾಕಾಯಿತು. ಫೋಕಸನ್ನು ಕಣ್ಣಿಗೆ ಇಡದೆ ತಂತಿಯ ಮೇಲೆ ಇಟ್ಟೆ. ಹಿಂದಿನ ಗೋಡೆಯ ಮಸಿ, ಸಾಲಾಗಿಟ್ಟ ಉಳಿಗಳು ಗುರುತು ಸಿಗುವಷ್ಟು ಉಳಿದವು.

ಅವರು ಕ್ಯಾಮೆರಾ ಕೈಗೆ ತೆಗೆದುಕೊಂಡು, ನಾನು ತೋರಿಸಿಕೊಟ್ಟಂತೆ ಚಿತ್ರವನ್ನು ಹಿಗ್ಗಿಸುತ್ತ ಹೋದರು. ಬಳ್ಳಿಯ ತಿರುವೊಂದರ ಬಳಿ ನಿಲ್ಲಿಸಿ, ಉಗುರಿನಿಂದ ಪರದೆ ತಟ್ಟಿ, "ಇಲ್ಲಿ ತಂತಿ ಇನ್ನೂ ಪೂರ್ತಿ ಕುಳಿತಿಲ್ಲ" ಎಂದರು. ಕ್ಯಾಮೆರಾ ವಾಪಸು ಕೊಟ್ಟು, ಸುತ್ತಿಗೆ ಎತ್ತಿಕೊಂಡು ಆ ತಿರುವಿಗೆ ಇನ್ನೆರಡು ಏಟು ಹಾಕಿದರು.